ಲಾಂಗ್‌ಸ್ವೋರ್ಡ್: ಸ್ಪಾರಿಂಗ್ ಮಾಡ್ತಾನೇ ಇದೀವಿ, ಆಟ ಮಾತ್ರ ಮುಂದೆ ಹೋಗ್ತಿಲ್ಲ

ಅಂಗಳದ_ಫೆಡರ್:

ಎಲ್ರಿಗೂ ನಮಸ್ಕಾರ. ನಾವು ಮೂರು ಜನ ತೀರ್ಥಹಳ್ಳಿ ಹತ್ರ ಕೆಲವು ವರ್ಷದಿಂದ ಹಳೇ ಯುರೋಪಿನ, ಎರಡೂ ಕೈಲಿ ಹಿಡಿಯೋ ಲಾಂಗ್‌ಸ್ವೋರ್ಡ್ ಕಲೀತಿದೀವಿ. ಮೇಷ್ಟ್ರು ಅಂತ ಯಾರೂ ಇಲ್ಲ, ವಿಕ್ಟೆನಾವರ್ ಸೈಟಲ್ಲಿ ಹಳೇ ಜರ್ಮನ್ ಪುಸ್ತಕಗಳ ಇಂಗ್ಲಿಷ್ ಅನುವಾದ ದುಡ್ಡಿಲ್ದೆ ಸಿಗುತ್ತಲ್ಲ ಅದನ್ನ ಓದೋದು, ವಿಡಿಯೋ ನೋಡೋದು, ಭಾನುವಾರ ಮಧ್ಯಾಹ್ನ ನಮ್ಮನೆ ಅಡಿಕೆ ಅಂಗಳದಲ್ಲಿ ಆಡೋದು. ಮೊದಲು ನೈಲಾನ್ ಕತ್ತಿ ಇತ್ತು, ಈಗ ಮೂವರ ಹತ್ರಾನೂ ಸ್ಟೀಲ್ ಫೆಡರ್, ಅಂದ್ರೆ ಅಭ್ಯಾಸದ ಮೊಂಡು ಕತ್ತಿ ಇದೆ, ಮಾಸ್ಕು ಜಾಕೆಟ್ಟು ಗ್ಲೌಸು ಎಲ್ಲ ಇದೆ.

ಶುರುವಲ್ಲಿ ವಾರವಾರಕ್ಕೂ ಏನೋ ಒಂದು ಹೊಸದು ಬರ್ತಿತ್ತು. ಈಗ ನಿಂತೇ ಹೋಗಿದೆ. ಒಬ್ಬ ಗೆಳೆಯ ನನಗಿಂತ ಉದ್ದ, ಅವನ ಭುಜ ಒಂಚೂರು ಎದ್ರೆ ಸಾಕು ಅಡ್ಡಕ್ಕೆ ಬೀಸೋ ಜ್ವೆರ್ಕ್‌ಹೌ ಬರುತ್ತೆ ಅಂತ ನಂಗೆ ಗೊತ್ತಾಗುತ್ತೆ, ನಾನು ಎಡಗಾಲು ಹಿಂದಿಟ್ರೆ ಕೈಗೆ ಹೊಡೀತೀನಿ ಅಂತ ಅವನಿಗೂ ಗೊತ್ತು. ಹಾಗಾಗಿ ಇಬ್ರೂ ಕಾಯೋದು, ಕಾದು ಕಾದು ಆಮೇಲೆ ಇಬ್ರೂ ಒಟ್ಟಿಗೇ ನುಗ್ಗೋದು, ಡಬಲ್, ಅಂದ್ರೆ ಇಬ್ರಿಗೂ ಏಟು. ಇತ್ತೀಚೆಗಂತೂ ಅರ್ಧಕ್ಕರ್ಧ ಡಬಲ್ಲೇ.

ಬೆಂಗಳೂರಲ್ಲಿ ಬೇರೆಯವರ ಜೊತೆ ಆಡೋ ಅವಕಾಶ ಸಿಕ್ಕಿತ್ತು. ಅಲ್ಲಿ ಒಬ್ರು ಹೆಚ್ಚೇನೂ ಮಾಡ್ಲಿಲ್ಲ, ನಾನು ಹೊಡೆದಾಗ ಅರ್ಧ ಹೆಜ್ಜೆ ಹಿಂದೆ ಸರಿದ್ರು, ನನ್ನ ಕತ್ತಿ ಕೆಳಗೆ ಹೋಯ್ತು, ಆರಾಮಾಗಿ ಮುಂದೆ ಬಂದು ತಲೆ ಮೇಲೆ ಇಟ್ರು. ಮತ್ತೆ ಅದೇ. ಮತ್ತೆ ಅದೇ. ಇಲ್ಲಿ ನಡೆಯೋದು ಯಾವುದೂ ಅಲ್ಲಿ ನಡೀಲಿಲ್ಲ.

ನನ್ನ ಪ್ರಶ್ನೆ ಇಷ್ಟು. ಇನ್ನೂ ಜಾಸ್ತಿ ಸ್ಪಾರಿಂಗ್ ಮಾಡ್ತಾ ಹೋದ್ರೆ ತಾನಾಗೇ ಬರುತ್ತಾ, ಅಥವಾ ಆಡೋ ರೀತಿನೇ ಬದಲಾಯಿಸ್ಬೇಕಾ? ಅಂಕ ಯಾವಾಗ್ಲೂ ಸಮಸಮ ಆಗ್ತಿರೋವಾಗ ಸುಧಾರಿಸ್ತಿದೀವೋ ಇಲ್ವೋ ಅಂತ ತಿಳ್ಕೊಳೋದಾದ್ರೂ ಹೇಗೆ? ಬಹಳ ಕಾಲ ಮಾಡ್ಬೇಕು ಅನ್ನೋ ಆಸೆ ಇದೆ, ಬಿಡೋ ಯೋಚನೆ ಇಲ್ಲ.

ಭದ್ರಾವತಿ_ಬೈಂಡ್:

ನೀವು ಬರೆದಿರೋದ್ರಲ್ಲೇ ಉತ್ತರ ಇದೆ ಮಾರಾಯ್ರೆ. ನೀವು ಮೂವರೂ ಒಬ್ಬರನ್ನೊಬ್ರು ಓದೋದನ್ನ ಚೆನ್ನಾಗಿ ಕಲ್ತಿದೀರಿ, ಅದಕ್ಕೇ ಬೆಂಗಳೂರಿನವರ ಮುಂದೆ ಏನೂ ಓದೋಕೆ ಸಿಗ್ಲಿಲ್ಲ. ಸುಮ್ನೆ ಫ್ರೀ ಸ್ಪಾರಿಂಗ್ ಮಾಡ್ತಾ ಇದ್ರೆ ಆಗ್ಲೇ ಬರೋದು ಗಟ್ಟಿ ಆಗುತ್ತೆ ಅಷ್ಟೇ, ಬರದೇ ಇರೋದನ್ನ ಅಲ್ಲಿ ಯಾರೂ ಪ್ರಯತ್ನಿಸಲ್ಲ, ಯಾಕಂದ್ರೆ ಪ್ರಯತ್ನಿಸಿದ್ರೆ ಹೊಡೆತ ಬೀಳುತ್ತೆ.

ಡಬಲ್ ವಿಷಯ ಮೊದಲು. ಹಳೇ ಜರ್ಮನ್ ಕತ್ತಿ ಮೇಷ್ಟ್ರು ಲೀಖ್ಟೆನಾವರ್ ಪರಂಪರೆಯ ಪುಸ್ತಕಗಳಲ್ಲಿ ಝೋರ್ನ್‌ಹೌ ಹೇಗೆ ಬರುತ್ತೆ ನೆನಪು ಮಾಡ್ಕೊಳ್ಳಿ. ಎದುರಿನವನು ಬಲಭುಜದಿಂದ ಮೇಲಿಂದ ಹೊಡೆದಾಗ ನೀವೂ ಬಲಭುಜದಿಂದ ಅವನ ಕತ್ತಿ ಮೇಲೇ ಬರೋ ಹಾಗೆ ಹೊಡೀಬೇಕು, ಕತ್ತಿ ಕತ್ತಿ ಕೂಡಿದಾಗ ಅವನು ಸಡಿಲ ಇದ್ರೆ ತುದಿ ನೇರ ಮುಖಕ್ಕೆ, ಅವನು ಗಟ್ಟಿಯಾಗಿ ಒತ್ತಿದ್ರೆ ಮೇಲಿಂದ ಬಿಡಿಸ್ಕೊಂಡು ಇನ್ನೊಂದು ಕಡೆಯಿಂದ ತಲೆಗೆ. ಸಡಿಲವೋ ಗಟ್ಟಿಯೋ ಅನ್ನೋದು ಕಣ್ಣಿಗೆ ಕಾಣಲ್ಲ, ಹಿಡಿಯಲ್ಲಿ ಅಂಗೈಗೆ ಗೊತ್ತಾಗ್ಬೇಕು, ಅದಕ್ಕೇ ಅವರು ಫ್ಯೂಲೆನ್ ಅಂತ ಅಷ್ಟು ಒತ್ತಿ ಹೇಳೋದು. ನಿಮ್ಮ ಆಟದಲ್ಲಿ ಕತ್ತಿ ಕೂಡೋದೇ ಇಲ್ಲ. ದೂರದಿಂದ ಕೈಗೆ ಹೊಡೆಯೋದು, ಇಲ್ಲಾ ಒಟ್ಟಿಗೆ ನುಗ್ಗೋದು. ಮಾಸ್ಕ್ ಇರೋದ್ರಿಂದ ಒಳಗಡೆ ಹೆದರಿಕೆ ಇಲ್ಲ, ಎದುರು ಬರ್ತಿರೋ ಕತ್ತಿಗೆ ಏನು ಮಾಡ್ಲಿ ಅಂತ ಯೋಚಿಸದೇ ನಮ್ಮದನ್ನ ಬಿಡ್ತೀವಿ. ಅದೇ ಡಬಲ್.

ಹಾಗಾಗಿ ಕೆಲವು ವಾರ ಆಟ ಶುರು ಮಾಡೋದೇ ಬೈಂಡಿಂದ ಮಾಡಿ. ಇಬ್ರೂ ಕತ್ತಿ ಕೂಡಿಸಿ ನಿಲ್ಲಿ, ಯಾರಾದ್ರೂ ಒಬ್ರು ಹೊರಟಾಗ ಆಟ ಶುರು, ಅರ್ಧ ವೇಗದಲ್ಲಿ. ಈ ಅರ್ಧ ವೇಗ ಅನ್ನೋದು ಹೇಳಿದಷ್ಟು ಸುಲಭ ಅಲ್ಲ. ಹೊಡೆಯೋವಾಗ ಎಲ್ರೂ ನಿಧಾನಕ್ಕೇ ಹೊಡೀತಾರೆ, ತಡೆಯೋವಾಗ ಮಾತ್ರ ಗೊತ್ತಿಲ್ದೇ ಫಟ್ ಅಂತ ವೇಗ ಏರಿಸ್ತಾರೆ. ಅಲ್ಲೇ ನಿಲ್ಲಿಸಿ. ಆ ಕ್ಷಣದಲ್ಲಿ ವೇಗ ಏರಿತು ಅಂದ್ರೆ ಅವನು ತಡವಾಗಿದ್ದ, ನಿಜವಾಗ್ಲೂ ಅವನಿಗೆ ಹೊಡೆತ ಬಿದ್ದಿತ್ತು ಅಂತ ಲೆಕ್ಕ. ಇಬ್ರೂ ಪ್ರಾಮಾಣಿಕವಾಗಿ ಒಪ್ಕೊಂಡ್ರೆ ಇದರಷ್ಟು ಕಲಿಸೋದು ಬೇರೆ ಯಾವುದೂ ಇಲ್ಲ, ಒಪ್ಕೊಳ್ದೇ ಇದ್ರೆ ಬರೀ ಟೈಮ್ ವೇಸ್ಟ್.

ಆಮೇಲೆ ಪೂರ್ತಿ ವೇಗದಲ್ಲಿ ಆಡೋವಾಗ ಡಬಲ್ ಆದ್ರೆ ಇಬ್ರಿಗೂ ಸೋಲು ಅಂತ ಇಟ್ಕೊಳ್ಳಿ, ಸೊನ್ನೆ ಅಲ್ಲ, ಸೋಲು. ಕೆಲವು ಟೂರ್ನಮೆಂಟಲ್ಲೂ ಡಬಲ್ ಮಿತಿ ದಾಟಿದ್ರೆ ಇಬ್ರನ್ನೂ ಸೋಲಿಸ್ತಾರೆ. ಮೂರನೆಯವರು ಇದಾರಲ್ಲ, ಅವರು ನೋಡ್ಲಿ. ಆಟ ಹೇಗೆ ಬದಲಾಗುತ್ತೆ ನೋಡಿ.

ಗರಡಿ_ಶಿವಮೊಗ್ಗ:

ಮೇಲಿನವರು ಹೇಳಿದ್ದು ಸರಿ, ಆದ್ರೆ ಒಂದು ಎಚ್ಚರಿಕೆ. ಬೈಂಡಿಂದ ಶುರು, ಅರ್ಧ ವೇಗ, ಅದೂ ಇದೂ ಅಂತ ನಿಯಮ ಹಾಕ್ಕೊಂಡೇ ಕೂತವರನ್ನೂ ನೋಡಿದೀನಿ, ಡ್ರಿಲ್ಲಲ್ಲಿ ಬಂಗಾರ, ಎದುರಾಳಿ ನಿಯಮ ಬಿಟ್ಟು ಬಂದ ತಕ್ಷಣ ಕೈಕಾಲು ಆಡಲ್ಲ. ನ್ಯೂರೆಂಬರ್ಗಲ್ಲಿ ಇರೋ 3227ಎ ಅನ್ನೋ ಹಳೇ ಹಸ್ತಪ್ರತೀಲೇ ಒಂದು ಮಾತಿದೆ, ವಿದ್ಯೆಗಿಂತ ಅಭ್ಯಾಸ ಮೇಲು, ವಿದ್ಯೆ ಇಲ್ದೇ ಅಭ್ಯಾಸ ಕೆಲಸಕ್ಕೆ ಬರುತ್ತೆ, ಅಭ್ಯಾಸ ಇಲ್ದೇ ವಿದ್ಯೆ ಬರಲ್ಲ ಅಂತ. ಬರೆದವರು ಕೂತು ಪುಸ್ತಕ ಬರೀತಿರೋವಾಗ್ಲೇ ಹಾಗೆ ಬರೆದಿದಾರೆ. ಹಾಗಾಗಿ ಪೂರ್ತಿ ವೇಗದ ಆಟ ಪ್ರತಿ ವಾರ ಇರ್ಲೇಬೇಕು, ಕಮ್ಮಿ ಹೊತ್ತಾದ್ರೂ ಸರಿ.

ನಾನು ಮೊದಲು ಕುಸ್ತಿ ಮಾಡ್ತಿದ್ದೆ, ಈ ಕಡೆಗೆ ಆಮೇಲೆ ಬಂದಿದ್ದು. ಗರಡೀಲಿ ದೊಡ್ಡ ಪೈಲ್ವಾನ್ರು ಹುಡುಗರ ಜೊತೆ ಮಣ್ಣಿಗಿಳಿದ್ರೆ ಗೆಲ್ಲೋಕೆ ಅಂತ ಇಳಿಯಲ್ಲ, ಹುಡುಗ ಕಲೀತಿರೋ ಪಟ್ಟಿಗೆ ಬೇಕಾದ ಜಾಗ ಕೊಡ್ತಾರೆ, ಸರಿಯಾಗಿ ಹಾಕಿದ್ರೆ ಬೀಳ್ತಾರೆ, ಅರೆಬರೆ ಹಾಕಿದ್ರೆ ಬೀಳಲ್ಲ. ನಿಮ್ಮಲ್ಲಿ ಇದು ಬರ್ಬೇಕು. ಒಂದು ಆಟಕ್ಕೆ ಒಬ್ಬರ ಕೆಲಸ ಏನು ಅಂತ ಮೊದಲೇ ನಿರ್ಧಾರ ಮಾಡಿ. ಉದಾಹರಣೆಗೆ ಇವತ್ತು ನಾನು ನಾಖ್‌ರೈಸೆನ್ ಮಾತ್ರ ಹುಡುಕ್ತೀನಿ, ಅಂದ್ರೆ ಅವನು ಹೊಡೆಯೋಕೆ ಅಂತ ಕತ್ತಿ ಹಿಂದೆಳೆದಾಗ ನುಗ್ಗೋದು, ಇಲ್ಲಾ ಅವನ ಹೊಡೆತ ತಪ್ಪಿ ಕೆಳಗೆ ಹೋದಾಗ ಹಿಂದೆಯೇ ಹೋಗೋದು. ಬೆಂಗಳೂರಲ್ಲಿ ನಿಮಗೆ ಅವರು ಮಾಡಿದ್ದು ಇದೇ, ಗಮನಿಸಿದ್ರಾ? ಆ ಹೊತ್ತು ಬೇರೆ ರೀತೀಲಿ ಎಷ್ಟು ಅಂಕ ಹೋದ್ರೂ ಚಿಂತೆ ಇಲ್ಲ. ಗೆಳೆಯನಿಗೆ ನಿಮ್ಮ ಕೆಲಸ ಏನು ಅಂತ ಒಂದು ದಿನ ಹೇಳಿ ಆಡಿ, ಇನ್ನೊಂದು ದಿನ ಹೇಳದೇ ಆಡಿ, ಎರಡಕ್ಕೂ ಬಹಳ ವ್ಯತ್ಯಾಸ ಇದೆ.

ಜನ ಬದಲಾಗ್ಬೇಕು, ಅದಕ್ಕೆ ಬೇರೆ ದಾರಿ ಇಲ್ಲ. ಎಡಚರು, ಕುಳ್ಳಗಿರೋರು, ಎರಡು ತಿಂಗಳ ಹಿಂದೆ ಶುರು ಮಾಡಿದೋರು, ಕ್ರೀಡಾ ಫೆನ್ಸಿಂಗಿನ ಎಪೇ ಆಡೋರು, ಯಾರು ಸಿಕ್ಕಿದ್ರೂ ಆಡಿ. ಹೊಸಬರ ಜೊತೆ ಆಡೋದು ವೇಸ್ಟ್ ಅಂತ ಅಂದ್ಕೋಬೇಡಿ, ಅವರು ಯಾವ ಪುಸ್ತಕದಲ್ಲೂ ಇಲ್ಲದ್ದನ್ನ ಮಾಡ್ತಾರೆ, ಅದಕ್ಕೆ ನಿಮ್ಮ ಕಾವಲು ಸಾಕಾಗುತ್ತಾ ಅಂತ ಅಲ್ಲಿ ಗೊತ್ತಾಗುತ್ತೆ. ಹೋಗಿಬರೋಕೆ ಆಗಲ್ಲ ಅಂದ್ರೆ ಮೂವರೇ ಇದ್ರೂ ಬದಲಾವಣೆ ಮಾಡ್ಬಹುದು, ಒಬ್ರು ಒಂದಿಡೀ ತಿಂಗಳು ಕತ್ತಿ ತುದಿ ಕೆಳಗಿಟ್ಟು ನಿಲ್ಲೋ ಆಲ್ಬರಿಂದಲೇ ಆಡ್ಲಿ, ಇನ್ನೊಬ್ರು ಮೆಯರ್ ಅನ್ನೋ ಜರ್ಮನ್ ಮೇಷ್ಟ್ರು 1570ರ ಪುಸ್ತಕದಲ್ಲಿ ಹೇಳಿದ ಹಾಗೆ ಮೊದಲ ಹೊಡೆತ ಕೆಣಕೋಕೆ, ಎರಡನೇದು ಅವನ ಕತ್ತೀನ ಪಕ್ಕಕ್ಕೆ ಹೊಡೆದು ಹಾಕೋಕೆ, ಮೂರನೇದು ಮೈಗೆ ಅನ್ನೋ ಕ್ರಮದಲ್ಲೇ ಆಡ್ಲಿ. ಅದೇ ಗೆಳೆಯ ಬೇರೆ ಮನುಷ್ಯ ಆಗ್ತಾನೆ.

ಅಂಗಳದ_ಫೆಡರ್:

ಇಬ್ರಿಗೂ ತುಂಬಾ ಥ್ಯಾಂಕ್ಸ್. ಆ ನಾಖ್‌ರೈಸೆನ್ ವಿಷಯ ಓದಿ ಅವತ್ತಿನ ಆಟ ಪೂರ್ತಿ ಅರ್ಥ ಆಯ್ತು. ಒಂದೇ ಅನುಮಾನ, ಕೈಗೆ ಹೊಡೆಯೋದನ್ನ ಬಿಡ್ಲೇಬೇಕಾ? ನಮ್ಮಲ್ಲಿ ಒಬ್ಬನಿಗೆ ಅದು ಮೋಸದ ಆಟ ಅನ್ಸುತ್ತೆ, ಪ್ರತಿ ವಾರ ಇದಕ್ಕೇ ವಾದ. ಇನ್ನೊಂದು, ಸುಧಾರಿಸ್ತಿದೀವಿ ಅಂತ ತಿಳ್ಕೊಳೋದು ಹೇಗೆ ಅನ್ನೋದಕ್ಕೂ ಯಾರಾದ್ರೂ ಬರೀರಿ.

ಸಾಗರ_ಸ್ಟೀಲ್:

ಕೈಗೆ ಹೊಡೆಯೋದು ಮೋಸ ಖಂಡಿತ ಅಲ್ಲ. ಕ್ರುಂಪ್‌ಹೌ ಅನ್ನೋ ಹೊಡೆತಾನ ಪುಸ್ತಕದಲ್ಲಿ ಕೈಗೆ ಅಂತಲೇ ಹೇಳಿಕೊಟ್ಟಿದಾರೆ. ಕೈಗೆ ಹೊಡೆತ ಬೀಳ್ತಿದೆ ಅಂದ್ರೆ ಕತ್ತಿ ತುದಿ ಇನ್ನೂ ಹಿಂದೆ ಇರೋವಾಗ್ಲೇ ಕೈ ಮುಂದೆ ಹೋಗ್ತಿದೆ ಅಂತ ಅರ್ಥ. ಮೊದಲು ಕತ್ತಿ ಹೋಗ್ಬೇಕು, ಕೈ ಅದರ ಹಿಂದೆ, ಕಾಲು ಆಮೇಲೆ. ಗೋಡೆ ಪಕ್ಕ ನಿಂತು ಬರೀ ಇದನ್ನೇ ಮಾಡಿ ನೋಡಿ, ಪೈಂಟ್ ಗುರುತು ಹಾಕಿದ ಜಾಗಕ್ಕೆ ತುದಿ ತಲುಪೋ ಹೊತ್ತಿಗೆ ಮುಂದಿನ ಕಾಲು ಇನ್ನೂ ನೆಲ ಮುಟ್ಟಿರಬಾರದು. ನಿಮ್ಮ ಗೆಳೆಯನಿಗೆ ಇದು ಬಂದ ದಿನ ವಾದ ತಾನಾಗೇ ನಿಲ್ಲುತ್ತೆ.

ಸುಧಾರಣೆ ಬಗ್ಗೆ ನಾನು ನೋಡೋದು ಒಂದೇ. ಒಂದು ಹೊಡೆತ ಆದ ತಕ್ಷಣ ನಿಲ್ಲಿಸಿ ಕೇಳಿ, ಈಗ ಏನಾಯ್ತು? ಶುರುವಲ್ಲಿ ಯಾರಿಗೂ ಹೇಳೋಕೆ ಬರಲ್ಲ, ಏನೋ ಆಯ್ತು ಏಟು ಬಿತ್ತು ಅಷ್ಟೇ. ಕೆಲವು ಕಾಲ ಆದ ಮೇಲೆ ಕೊನೇ ಹೊಡೆತ ಹೇಳ್ತಾರೆ. ಅದಾದ ಮೇಲೆ ನಾನು ಮೇಲಿಂದ ಹೊಡೆದೆ, ಅವನು ತಡೆದ, ಒತ್ತು ಗಟ್ಟಿ ಅನ್ಸ್ತು, ಬಿಡಿಸ್ಕೊಂಡೆ ಅಂತ ಪೂರ್ತಿ ಹೇಳ್ತಾರೆ. ಆಮೇಲಿಂದ ಒತ್ತು ಗಟ್ಟಿ ಅನ್ನಿಸಿದಾಗ್ಲೇ ಏನು ಮಾಡ್ಬೇಕು ಅಂತ ಆರಿಸ್ಕೊಳೋಕೆ ಬರುತ್ತೆ, ಇಂಡೆಸ್ ಅಂತ ಹಳೇ ಪುಸ್ತಕದವರು ಹೇಳೋ ಕ್ಷಣ ಅದೇ ಅಂತ ನನ್ನ ನಂಬಿಕೆ. ಅಂಕ ಸಮಸಮ ಇದ್ರೂ ಇದು ಬದಲಾಗ್ತಿದ್ರೆ ನೀವು ಮುಂದೆ ಹೋಗ್ತಿದೀರಿ. ಫೋನಲ್ಲಿ ವಿಡಿಯೋ ಮಾಡಿ, ಆದ್ರೆ ಹೊಡೆತ ಬೀಳೋದನ್ನ ನೋಡ್ಬೇಡಿ, ಅದಕ್ಕಿಂತ ಎರಡು ಸೆಕೆಂಡ್ ಹಿಂದಕ್ಕೆ ಹೋಗಿ ಕಾಲು ನೋಡಿ, ಅಳತೆ ಒಳಗೆ, ಅಂದ್ರೆ ಕತ್ತಿ ತಲುಪೋ ದೂರಕ್ಕೆ, ಮೊದಲು ಹೆಜ್ಜೆ ಇಟ್ಟಿದ್ದು ಯಾರು, ಏನೂ ಮಾಡದೇ ಸುಮ್ನೆ ಹೆಜ್ಜೆ ಇಟ್ರಾ. ಬಹಳ ಸಲ ಆಟ ಅಲ್ಲೇ ಮುಗಿದಿರುತ್ತೆ.

ಬಹಳ ಕಾಲ ಮಾಡ್ಬೇಕು ಅಂತ ಬರೆದಿದೀರಿ, ಹಾಗಾದ್ರೆ ಬೆರಳು ಉಳಿಸ್ಕೊಳ್ಳಿ. ಲಾಂಗ್‌ಸ್ವೋರ್ಡಲ್ಲಿ ಪೆಟ್ಟಾಗೋದು ಮುಖ್ಯವಾಗಿ ಬೆರಳಿಗೆ, ತೆಳು ಗ್ಲೌಸ್ ಹಾಕ್ಕೊಂಡು ಸ್ಟೀಲ್ ಜೊತೆ ಪೂರ್ತಿ ವೇಗದಲ್ಲಿ ದಯವಿಟ್ಟು ಆಡ್ಬೇಡಿ. ಫೆನ್ಸಿಂಗ್ ಮಾಸ್ಕ್ ಮಾಡಿರೋದು ಮುಂದಿನಿಂದ ಬರೋ ಚುಚ್ಚಿಗೆ, ತಲೆ ಹಿಂಭಾಗ ಖಾಲಿ, ಅದಕ್ಕೆ ಮೇಲೊಂದು ಹೊದಿಕೆ ಬೇಕು. ತಲೆಗೆ ಜೋರು ಏಟು ಬಿದ್ದು ತಲೆನೋವೋ ವಾಕರಿಕೆಯೋ ಬಂದ್ರೆ ಆ ದಿನ ಆಟ ಮುಗೀತು, ಡಾಕ್ಟರ್ ಹತ್ರ ಹೋಗಿ. ಇನ್ನು ನಮ್ಮ ಮಲೆನಾಡಿನ ಕಥೆ ಗೊತ್ತಲ್ಲ, ಜೂನ್ ಬಂತು ಅಂದ್ರೆ ಬ್ಯಾಗಲ್ಲಿ ಇಟ್ಟ ಫೆಡರ್ ಮರುವಾರಕ್ಕೆ ಕೆಂಪು. ಆಟ ಆದ ತಕ್ಷಣ ಬೆವರು ಒರೆಸಿ ಎಣ್ಣೆ ಹಚ್ಚಿ, ಬ್ಯಾಗಿಂದ ತೆಗೆದು ಹೊರಗೇ ಇಡಿ, ಅಲಗಿನ ಮೇಲೆ ಎದ್ದಿರೋ ಚೂಪು ಗಂಟುಗಳನ್ನ ಅರ ಹಾಕಿ ತೆಗೀರಿ, ಇಲ್ದಿದ್ರೆ ಜಾಕೆಟ್ ಹರಿಯುತ್ತೆ. ಜಾಕೆಟ್ ಒಣಗ್ಸೋಕೆ ಬಚ್ಚಲೊಲೆ ಮೇಲಿನ ಗಳಕ್ಕಿಂತ ಒಳ್ಳೇ ಜಾಗ ಇಲ್ಲ. ಮಾಸ್ಕಿನ ಜಾಲರಿಗೆ ತುಕ್ಕು ತಿಂದಿದ್ರೆ ಮಾತ್ರ ಅದನ್ನ ಎಸೀರಿ, ಉಳಿಸ್ಕೋಬೇಡಿ.

ಅಂಗಳದ_ಫೆಡರ್:

ಬಚ್ಚಲೊಲೆ ಐಡಿಯಾ ಈ ವರ್ಷನೇ ಮಾಡ್ತೀನಿ. ಮಳೆಗಾಲ ಅಂದ್ರಲ್ಲ, ನಮಗೆ ಅದೇ ದೊಡ್ಡ ತೊಂದರೆ. ಅಂಗಳ ಪೂರ್ತಿ ಪಾಚಿ, ಓಡಾಡೋಕೇ ದಬ್ಬೆ ಹಾಸಿರ್ತೀವಿ, ಅಲ್ಲಿ ಹೆಜ್ಜೆ ಹಾಕೋಕೆ ಆಗಲ್ಲ. ಒಳಗೆ ಜಗಲೀಲಿ ಆಡೋಣ ಅಂದ್ರೆ ಕತ್ತಿ ತಲೆ ಮೇಲೆ ಎತ್ತಿದ್ರೆ ತೊಲೆಗೆ ಬಡಿಯುತ್ತೆ. ಮಳೆ ನಿಲ್ಲೋವರೆಗೂ ಆಟ ನಿಲ್ಲಿಸಿ ಮತ್ತೆ ಶುರು ಮಾಡೋ ಹೊತ್ತಿಗೆ ಕೊಯ್ಲು ಬಂದಿರುತ್ತೆ, ಅಂಗಳ ತುಂಬಾ ಅಡಿಕೆ.

ಭದ್ರಾವತಿ_ಬೈಂಡ್:

ತೊಲೆ ಇರೋದು ನಿಮಗೆ ಅನುಕೂಲವೇ. ಕತ್ತಿ ಮೇಲೆತ್ತಿ ನಿಲ್ಲೋ ಫೋಮ್ ಟಾಗ್ ಬಿಟ್ಟು, ಸೊಂಟದ ಹತ್ರ ಹಿಡಿಯೋ ಪ್ಫ್ಲೂಗ್ ಮತ್ತೆ ಆಲ್ಬರ್ ಎರಡರಲ್ಲೇ ಆಡಿ, ಹೊಡೆತ ಬೇಡ, ಬರೀ ಚುಚ್ಚು ಮತ್ತೆ ಬೈಂಡ್, ನೈಲಾನ್ ಕತ್ತಿ ಇದೆಯಲ್ಲ ಅದನ್ನ ತಗೊಳ್ಳಿ, ಮಾಸ್ಕ್ ಅಂತೂ ಇರ್ಲೇಬೇಕು. ನಾನು ಹೇಳಿದ ಅರ್ಧ ವೇಗದ ಆಟಕ್ಕೆ ಜಗಲಿ ಅಗಲ ಸಾಕು. ಇನ್ನೂ ಜಾಗ ಕಮ್ಮಿ ಅನ್ಸಿದ್ರೆ ಫಿಯೊರೆ ನೋಡಿ, ಸುಮಾರು 1410ರ ಇಟಲಿಯ ಕತ್ತಿ ಮೇಷ್ಟ್ರು, ಗೆಟ್ಟಿ ಮ್ಯೂಸಿಯಂನಲ್ಲಿರೋ ಅವನ ಹಸ್ತಪ್ರತಿ ಕತ್ತಿಯಿಂದ ಶುರು ಆಗಲ್ಲ, ಮೊದಲು ಕುಸ್ತಿ, ಆಮೇಲೆ ಬಾಕು, ಕತ್ತಿ ಬರೋದು ಅದಾದ ಮೇಲೆ. ಎರಡು ಚಾಪೆ ಹಾಸಿದ್ರೆ ಜೂನಿಂದ ಸೆಪ್ಟೆಂಬರವರೆಗೂ ಮಾಡೋಷ್ಟು ಇದೆ ಅದರಲ್ಲಿ. ಗರಡಿಯವರು ಇಲ್ಲೇ ಇದಾರಲ್ಲ, ಬಾಕು ಹಿಡಿದ ಕೈ ಹಿಡಿಯೋ ಪಟ್ಟುಗಳ ಬಗ್ಗೆ ಅವರು ಬರೆದ್ರೆ ನನಗೂ ಬೇಕು.

ಗರಡಿ_ಶಿವಮೊಗ್ಗ:

ಬರೀತೀನಿ, ಆದ್ರೆ ಬರೆದು ಕಲಿಯೋದಲ್ಲ ಅದು. ಮಳೆ ಶುರು ಆಗೋಕೆ ಮುಂಚೆ ಒಂದು ಭಾನುವಾರ ಮೂವರೂ ಶಿವಮೊಗ್ಗಕ್ಕೆ ಬನ್ನಿ, ಫೆಡರೂ ತನ್ನಿ, ನಮ್ಮ ಕಡೆ ಇಬ್ರು ಎಡಚರು ಇದಾರೆ.