ಯುರೋಪಿನ ಟೆಲಿಕಾಂ ಷೇರು ಕೊಂಡವರು ಅನುಭವ ಹೇಳಿ

ನಮಸ್ಕಾರ. ಕೆಲಸಕ್ಕೆ ಅಂತ ಮ್ಯೂನಿಕ್‌ಗೆ ಬಂದಿದ್ದೇನೆ. ಡಾಯ್ಚೆ ಟೆಲಿಕಾಂ, ಆರೆಂಜ್, ಟೆಲಿಫೋನಿಕಾ, ವೊಡಾಫೋನ್, ಇವುಗಳ ಡಿವಿಡೆಂಡ್ ಬ್ಯಾಂಕ್ ಬಡ್ಡಿಗಿಂತ ಚೆನ್ನಾಗಿ ಕಾಣುತ್ತಿದೆ. ಎಲ್ಲವನ್ನೂ ಫ್ರಾಂಕ್‌ಫರ್ಟ್‌ನಲ್ಲೇ ಕೊಂಡರೆ ಸಾಕಾ, ಆಯಾ ದೇಶದ ಎಕ್ಸ್‌ಚೇಂಜ್‌ಗೇ ಹೋಗಬೇಕಾ?

ಫ್ರಾಂಕ್‌ಫರ್ಟ್‌ನಿಂದ:
ಇಲ್ಲೇ ಸಿಗುತ್ತವೆ. ಆದರೆ ತೆರಿಗೆ ಬೀಳುವುದು ಎಕ್ಸ್‌ಚೇಂಜ್ ನೋಡಿ ಅಲ್ಲ, ಕಂಪನಿ ಯಾವ ದೇಶದ್ದು ಅಂತ ನೋಡಿ. ಆರೆಂಜ್ ಷೇರನ್ನು ಪ್ಯಾರಿಸ್‌ನ ಯೂರೋನೆಕ್ಸ್ಟ್ ಬಿಟ್ಟು ಇಲ್ಲಿ ಕೊಂಡರೂ ಫ್ರಾನ್ಸಿನ ವಹಿವಾಟು ತೆರಿಗೆ ಕಟ್ಟಲೇಬೇಕು, ಶೇ. 0.3 ಇದ್ದದ್ದು 2025ರ ಏಪ್ರಿಲ್‌ನಿಂದ 0.4 ಆಗಿದೆ. ಟೆಲಿಫೋನಿಕಾ ಕೊಂಡರೆ ಸ್ಪೇನಿಗೆ ಶೇ. 0.2. ಆಮೇಲೆ ಡಿವಿಡೆಂಡ್ ಬಂದಾಗ ಸ್ಪೇನ್ ಮೊದಲೇ ಶೇ. 19 ಹಿಡಿದುಕೊಳ್ಳುತ್ತದೆ, ಜರ್ಮನಿ ಅದರಲ್ಲಿ 15ನ್ನು ಮಾತ್ರ ನಿಮ್ಮ ಇಲ್ಲಿನ ತೆರಿಗೆಯಲ್ಲಿ ಕಳೆಯುತ್ತದೆ, ಉಳಿದ 4 ವಾಪಸ್ ಬೇಕಂದರೆ ಸ್ಪೇನಿಗೆ ಅರ್ಜಿ ಹಾಕಬೇಕು. ಚಿಕ್ಕ ಮೊತ್ತಕ್ಕೆ ಅಷ್ಟು ಓಡಾಟ ಬೇಡ ಅಂತ ನಾನು ಬಿಟ್ಟುಬಿಟ್ಟಿದ್ದೇನೆ. ಸ್ವಿಟ್ಜರ್ಲೆಂಡಿನ ಸ್ವಿಸ್‌ಕಾಮ್ ಆದರೆ ಹಿಡಿಯುವುದೇ ಶೇ. 35! ಡಾಯ್ಚೆ ಟೆಲಿಕಾಂ ಡಿವಿಡೆಂಡ್ ಮಾತ್ರ ನನಗೆ ಈವರೆಗೆ ಏನೂ ಕಡಿತವಾಗದೆ ಬಂದಿದೆ, ಅದರ ಲೆಕ್ಕ ಷೇರು ಮಾರುವಾಗ ಆಗುತ್ತದೆ.

ಮೊದಲು ಬ್ರೋಕರ್‌ಗೆ ಫ್ರೈಸ್ಟೆಲ್ಲುಂಗ್ಸ್‌ಔಫ್‌ಟ್ರಾಗ್, ಅಂದರೆ ತೆರಿಗೆ ವಿನಾಯಿತಿಯ ಅರ್ಜಿ, ಕೊಟ್ಟುಬಿಡಿ. ಡಿವಿಡೆಂಡ್, ಬಡ್ಡಿ, ಷೇರು ಲಾಭ ಸೇರಿ ವರ್ಷಕ್ಕೆ 1,000 ಯೂರೋವರೆಗೆ ತೆರಿಗೆ ಇಲ್ಲ. ಕೊಡದಿದ್ದರೆ ಮೊದಲ ಯೂರೋದಿಂದಲೇ ಶೇ. 26.375 ಹೋಗುತ್ತದೆ. ಇನ್ನೊಂದು, ಆರ್ಡರ್ ಬೆಳಿಗ್ಗೆ 9ರಿಂದ ಸಂಜೆ 5.30ರೊಳಗೆ, ಫ್ರಾಂಕ್‌ಫರ್ಟ್‌ನ ಎಲೆಕ್ಟ್ರಾನಿಕ್ ಮಾರುಕಟ್ಟೆ ಕ್ಸೆಟ್ರಾ ನಡೆಯುವಾಗ ಹಾಕಿ. ರಾತ್ರಿ ಹೊತ್ತು ಕೊಳ್ಳುವ ಬೆಲೆಗೂ ಮಾರುವ ಬೆಲೆಗೂ ಅಂತರ ಜಾಸ್ತಿ.

ಬಾನ್‌ನಿಂದ:
ತೆರಿಗೆ ಆಮೇಲೆ ನೋಡಿಕೊಳ್ಳಿ, ಮೊದಲು ಕಂಪನಿಯ ಸಾಲ ನೋಡಿ. ಇಲ್ಲಿಯ ಹಿರಿಯ ಸಹೋದ್ಯೋಗಿಗಳನ್ನು ಡಾಯ್ಚೆ ಟೆಲಿಕಾಂ ಷೇರಿನ ಬಗ್ಗೆ ಕೇಳಿ ನೋಡಿ, ಇಂದಿಗೂ ಮುಖ ಗಂಟು ಹಾಕುತ್ತಾರೆ. 1996ರ ನವೆಂಬರ್‌ನಲ್ಲಿ 28.50 ಮಾರ್ಕ್‌ಗೆ (ಜರ್ಮನಿಯ ಹಳೆಯ ನಾಣ್ಯ) ಷೇರು ಬಂತು. ನಟ ಮಾನ್‌ಫ್ರೆಡ್ ಕ್ರೂಗ್ ಟಿವಿಯಲ್ಲಿ ಜಾಹೀರಾತು ಕೊಟ್ಟರು, ಅದುವರೆಗೆ ಷೇರೇ ಮುಟ್ಟದ ಜನ ಕೊಂಡರು. 2000ದ ಮಾರ್ಚ್‌ನಲ್ಲಿ ಅದು 103.50 ಯೂರೋಗೆ ಏರಿತು, 2002ರಲ್ಲಿ 10 ಯೂರೋಗಿಂತ ಕೆಳಗೆ ಬಂತು. ನಡುವೆ 2000ದ ಆಗಸ್ಟ್‌ನಲ್ಲಿ 3ಜಿ ಮೊಬೈಲ್ ತರಂಗಾಂತರಗಳ ಹರಾಜು. ಆರು ಕಂಪನಿಗಳು ಸೇರಿ ಜರ್ಮನ್ ಸರ್ಕಾರಕ್ಕೆ ಸುಮಾರು 50 ಶತಕೋಟಿ ಯೂರೋ ಕೊಟ್ಟವು. ಗ್ರಾಹಕರಿಂದ ಒಂದು ಕಾಸು ಬರುವ ಮೊದಲೇ ಇಷ್ಟು ಖರ್ಚು! ಈ ವ್ಯಾಪಾರ ಇರುವುದೇ ಹೀಗೆ. ತರಂಗಾಂತರ, ಫೈಬರ್, ಟವರ್ ಅಂತ ಸಾಲ ಮಾಡಿಯಾದರೂ ದುಡ್ಡು ಸುರಿಯುತ್ತಲೇ ಇರಬೇಕು.

ಅದಕ್ಕೇ ಡಿವಿಡೆಂಡ್ ಶೇಕಡಾವಾರು ಜಾಸ್ತಿ ಕಂಡರೆ ಖುಷಿಪಡುವ ಬದಲು ಷೇರು ಬೆಲೆ ಯಾಕೆ ಬಿದ್ದಿದೆ ಅಂತ ಕೇಳಿ. ವೊಡಾಫೋನ್ ವರ್ಷಕ್ಕೆ ಷೇರಿಗೆ ಸುಮಾರು 15 ಯೂರೋ ಸೆಂಟ್ ಕೊಡುತ್ತಿತ್ತು, 2019ರಲ್ಲಿ 9 ಮಾಡಿತು, ಆಮೇಲೆ 4.5ಕ್ಕೆ ಇಳಿಸಿತು. ಹಳೆಯ ಡಿವಿಡೆಂಡ್ ನೋಡಿ ಲೆಕ್ಕ ಹಾಕಿದವರಿಗೆ ಏನಾಯಿತು ಅಂತ ನೀವೇ ನೋಡಿ. ಡಾಯ್ಚೆ ಟೆಲಿಕಾಂ ಕೊಂಡರೂ, ಅದರ ಗಳಿಕೆಯ ದೊಡ್ಡ ಪಾಲು ಅಮೆರಿಕದ ಟಿ-ಮೊಬೈಲ್‌ನಿಂದ ಬರುತ್ತದೆ, ಅಂದರೆ ಡಾಲರ್ ಏರಿಳಿತವೂ ನಿಮ್ಮದೇ.

ಲಂಡನ್‌ನಿಂದ:
ಬ್ರಿಟನ್ ಡಿವಿಡೆಂಡ್‌ನಲ್ಲಿ ಏನೂ ಹಿಡಿಯುವುದಿಲ್ಲ, ಆದರೆ ಕೊಳ್ಳುವಾಗ ಶೇ. 0.5 ಸ್ಟಾಂಪ್ ಡ್ಯೂಟಿ ಇದೆ. ನಮ್ಮ ಏರ್‌ಟೆಲ್‌ನ ಭಾರ್ತಿ ಗುಂಪು ಬ್ರಿಟನ್ನಿನ ಟೆಲಿಕಾಂ ಕಂಪನಿ ಬಿಟಿಯಲ್ಲಿ ಶೇ. 24.5 ಪಾಲು ಕೊಂಡ ಮೇಲೆ ಇಲ್ಲಿಯ ಭಾರತೀಯರು ಆ ಷೇರಿನ ಬಗ್ಗೆ ಜಾಸ್ತಿ ಕೇಳುತ್ತಿದ್ದಾರೆ, ಅದೊಂದೇ ಕಾರಣಕ್ಕೆ ಕೊಳ್ಳಬೇಡಿ. ಮತ್ತೆ ಇಲ್ಲಿ ಬೆಲೆ ತೋರಿಸುವುದು ಪೆನ್ಸ್‌ನಲ್ಲಿ (ನೂರು ಪೆನ್ಸ್ ಅಂದರೆ ಒಂದು ಪೌಂಡ್), ಪೌಂಡ್ ಅಂದುಕೊಂಡು ಆರ್ಡರ್ ಹಾಕಬೇಡಿ.