ಡಿಕಿ ಬೆಟ್ಸ್ ನೆನಪು: ಹೈವೇ 41ರ ಆಚೀಚೆ ಇರುವವರು ಯಾರಿದ್ದೀರಿ?

ಸಾರಸೋಟಾ ಹೊಸಬ:

ಎಲ್ಲರಿಗೂ ನಮಸ್ಕಾರ. ಫ್ಲಾರಿಡಾಗೆ ಬಂದು ಜಾಸ್ತಿ ದಿನ ಆಗಿಲ್ಲ. ದಿನಾ ಕೆಲಸಕ್ಕೆ ಹೋಗುವುದು ಟಾಮಿಯಾಮಿ ಟ್ರೇಲ್ ಮೇಲೆ, ಅಂದರೆ ಯುಎಸ್ 41. ಆಫೀಸಿನ ಹಿರಿಯರೊಬ್ಬರು ಮೊನ್ನೆ ಊಟದ ಹೊತ್ತಲ್ಲಿ ಹೇಳಿದರು: ಆಲ್ಮನ್ ಬ್ರದರ್ಸ್ ಅನ್ನುವ ರಾಕ್ ಬ್ಯಾಂಡಿನ ಗಿಟಾರಿಸ್ಟ್ ಡಿಕಿ ಬೆಟ್ಸ್ ಬೆಳೆದದ್ದು ಇಲ್ಲೇ ಮೇಲಿನ ಬ್ರೇಡೆನ್‌ಟನ್‌ನಲ್ಲಿ, 2024ರ ಏಪ್ರಿಲ್ 18ರಂದು ತೀರಿಕೊಂಡದ್ದು ಇಲ್ಲೇ ಕೆಳಗಿನ ಆಸ್ಪ್ರೆಯ ಮನೆಯಲ್ಲಿ ಅಂತ. ನಾನು ದಿನಾ ಓಡಾಡುವ ರಸ್ತೆ! ಗೊತ್ತೇ ಇರಲಿಲ್ಲ.

ಅವತ್ತಿನಿಂದ ಕಾರಿನಲ್ಲಿ ಬೇರೇನೂ ಹಾಕಿಲ್ಲ. ಆದರೆ ಎಲ್ಲಿ ಓದಿದರೂ ಅದೇ ಬ್ಯಾಂಡಿನ ಗಿಟಾರಿಸ್ಟ್ ಡ್ವೇನ್ ಆಲ್ಮನ್ ಬಗ್ಗೆಯೇ ಮಾತು. ಡಿಕಿ ಅಂದರೆ "ಇನ್ನೊಬ್ಬ ಗಿಟಾರಿಸ್ಟ್". ಅದು ಸರಿಯಾ? ಆತನನ್ನು ಹತ್ತಿರದಿಂದ ನೋಡಿದವರು ಯಾರಾದರೂ ಇದ್ದೀರಾ? ಬ್ಯಾಂಡ್ ನೆಲೆಸಿದ್ದ ಜಾರ್ಜಿಯಾದ ಮೇಕನ್‌ಗೆ ಹೋಗುವ ಯೋಚನೆಯೂ ಇದೆ. ಅಲ್ಲಿ ಏನು ನೋಡಬೇಕು?

ಮೇಕನ್ ಮಾವ:

ಮೇಕನ್ ಅಂತ ಕಂಡ ಮೇಲೆ ಸುಮ್ನಿರಕ್ಕಾಗುತ್ತಾ? ನಾನು ಇಲ್ಲಿಗೆ ಬಂದು ಕೂದಲು ಬೆಳ್ಳಗಾಯಿತು. ಊರಿನ ಅರ್ಧ ಜನ ಗಾಯಕ ಓಟಿಸ್ ರೆಡ್ಡಿಂಗ್ ಹೆಸರು ಹೇಳುತ್ತಾರೆ, ಇನ್ನರ್ಧ ಆಲ್ಮನ್ ಬ್ರದರ್ಸ್. ಎರಡಕ್ಕೂ ಹಿಂದೆ ಇದ್ದವನು ಒಬ್ಬನೇ, ಫಿಲ್ ವಾಲ್ಡನ್. ಮೊದಲು ಓಟಿಸ್‌ಗೆ ಮ್ಯಾನೇಜರ್, ಆಮೇಲೆ ಕ್ಯಾಪ್ರಿಕಾರ್ನ್ ರೆಕಾರ್ಡ್ಸ್ ಅನ್ನುವ ರೆಕಾರ್ಡ್ ಕಂಪನಿ ಕಟ್ಟಿದ. ಬ್ಯಾಂಡಿನ ಹುಡುಗರು 1969ರಲ್ಲಿ ಫ್ಲಾರಿಡಾದಿಂದ ಗಂಟುಮೂಟೆ ಕಟ್ಟಿಕೊಂಡು ಇಲ್ಲಿಗೆ ಬಂದದ್ದು ಅವನಿಂದಲೇ.

"ಇನ್ನೊಬ್ಬ ಗಿಟಾರಿಸ್ಟ್" ಅನ್ನುವವರ ಮೇಲೆ ನನಗೆ ಹಳೇ ಸಿಟ್ಟು. ಲೆಕ್ಕ ನೋಡಿ. ಡ್ವೇನ್ 1971ರ ಅಕ್ಟೋಬರ್ 29ರಂದು ಇಲ್ಲೇ ಬೈಕ್ ಅಪಘಾತದಲ್ಲಿ ಹೋದ. ವಯಸ್ಸು 24. ಒಂದು ವರ್ಷ ಚಿಲ್ಲರೆ ಕಳೆದಿತ್ತು, ಬೇಸ್ ನುಡಿಸುವ ಬೆರಿ ಓಕ್ಲಿಯೂ ಬೈಕ್‌ನಲ್ಲೇ, ಡ್ವೇನ್ ಬಿದ್ದ ಜಾಗದಿಂದ ಕೆಲವೇ ಬೀದಿ ಆಚೆ ಹೋದ. ಬೇರೆ ಬ್ಯಾಂಡ್ ಆಗಿದ್ದರೆ ಅಲ್ಲಿಗೆ ಬಾಗಿಲು ಮುಚ್ಚುತ್ತಿತ್ತು. 1973ರಲ್ಲಿ ಇವರ "ಬ್ರದರ್ಸ್ ಅಂಡ್ ಸಿಸ್ಟರ್ಸ್" ಅಮೆರಿಕದಲ್ಲೇ ನಂಬರ್ ಒನ್ ಆಲ್ಬಮ್ ಆಯಿತು. ಅದರ ಎರಡು ದೊಡ್ಡ ಹಾಡು, "ರ್‍ಯಾಂಬ್ಲಿನ್ ಮ್ಯಾನ್" ಮತ್ತು "ಜೆಸಿಕಾ", ಎರಡೂ ಡಿಕಿಯವು. ಬಂಡಿ ಎಳೆದವನು ಯಾರು ಅಂತ ಬೇರೆ ಹೇಳಬೇಕಾ?

"ಜೆಸಿಕಾ" ಆತನ ಮಗಳ ಹೆಸರು. ಆಗ ಆಕೆ ಪುಟ್ಟ ಕೂಸು. ಜಾಂಗೋ ರೈನ್‌ಹಾರ್ಟ್ ಅಂತ ಜಿಪ್ಸಿ ಗಿಟಾರ್ ವಾದಕ ಇದ್ದನಲ್ಲ, ಬೆಂಕಿಯಲ್ಲಿ ಎಡಗೈ ಸುಟ್ಟು ಎರಡೇ ಬೆರಳಲ್ಲಿ ನುಡಿಸುತ್ತಿದ್ದವನು. ಅವನ ಗೌರವಕ್ಕೆ ಡಿಕಿ ಈ ಧಾಟಿಯನ್ನು ಎರಡೇ ಬೆರಳಲ್ಲಿ ನುಡಿಸುವ ಹಾಗೆ ಕಟ್ಟಿದ. ಬ್ರಿಟನ್‌ನವರಿಗೆ ಇದು ಟಾಪ್ ಗೇರ್ ಕಾರ್ಯಕ್ರಮದ ಟ್ಯೂನ್ ಅಂತಲೇ ಗೊತ್ತು.

ಇನ್ನು ನೀವು ಓಡಾಡುವ ರಸ್ತೆ. "ರ್‍ಯಾಂಬ್ಲಿನ್ ಮ್ಯಾನ್"ನಲ್ಲಿ ಬರುವ ಹೈವೇ 41 ಅದೇ. ನಿಮ್ಮ ಆಸ್ಪ್ರೆ, ಸಾರಸೋಟಾ, ಬ್ರೇಡೆನ್‌ಟನ್ ದಾಟಿ ಬಂದು ನಮ್ಮ ಮೇಕನ್ ಒಳಗೂ ಹಾಯುತ್ತದೆ. ಡಿಕಿ ಹುಟ್ಟಿದ್ದು ಮಾತ್ರ ಆ ಕಡೆಯ ವೆಸ್ಟ್ ಪಾಮ್ ಬೀಚಿನಲ್ಲಿ, 1943ರಲ್ಲಿ. ಆ ಹಾಡು ಅಮೆರಿಕದ ಜನಪ್ರಿಯ ಹಾಡುಗಳ ಪಟ್ಟಿ ಹಾಟ್ 100ರಲ್ಲಿ ಎರಡನೇ ಸ್ಥಾನಕ್ಕೇ ನಿಂತಿತು. ಮೇಲೆ ಕೂತಿದ್ದು ಷೇರ್ ಅನ್ನುವ ಗಾಯಕಿಯ ಹಾಡು. ಮುಂದೆ ಅದೇ ಷೇರ್ ಡ್ವೇನ್ ತಮ್ಮ, ಬ್ಯಾಂಡಿನ ಗಾಯಕ ಗ್ರೆಗ್ ಆಲ್ಮನ್‌ನ ಹೆಂಡತಿಯಾಗಿ ಬಂದಳು! ಡಿಕಿಗೆ ಏನನ್ನಿಸಿತೋ.

ನಾನು ಆತನನ್ನು ನೋಡಿದ್ದು ಸ್ಟೇಜಿನ ಮೇಲಲ್ಲ. 2017ರ ಜೂನ್ 3, ಗ್ರೆಗ್ ಅಂತ್ಯಕ್ರಿಯೆಯ ದಿನ. ರೋಸ್ ಹಿಲ್ ಸ್ಮಶಾನದ ಕಡೆ ಹೋಗುವ ದಾರಿಯ ಎರಡೂ ಬದಿ ಜನ. ನನ್ನ ಪಕ್ಕದಲ್ಲಿ ಒಬ್ಬಾಕೆ ಮಡಿಸುವ ಕುರ್ಚಿ ಹಾಕಿಕೊಂಡು ಕೂತಿದ್ದರು, ತೊಡೆಯ ಮೇಲೆ ಹಳೇ ಎಲ್‌ಪಿ, ಮೂಲೆಗಳೆಲ್ಲ ಸವೆದು ಬಿಳಿ ಕಾಗದ ಕಾಣುತ್ತಿತ್ತು. ಜಿಮ್ಮಿ ಕಾರ್ಟರ್ ಬಂದಿದ್ದರು, ಷೇರ್ ಬಂದಿದ್ದಳು. ಆದರೆ ನಮ್ಮ ಸಾಲಿನಲ್ಲಿ ಗುಸುಗುಸು ಎದ್ದದ್ದು ಡಿಕಿಯ ಹೆಸರಿಗೆ. ಯಾಕೆಂದರೆ 2000ದಲ್ಲಿ ಬ್ಯಾಂಡಿನವರು ಆತನನ್ನು ಹೊರಗಿಟ್ಟಿದ್ದರು, ಅದೂ ಫ್ಯಾಕ್ಸ್ ಕಳಿಸಿ. ಮೂವತ್ತು ವರ್ಷ ಜೊತೆಗೆ ಬಾಳಿದವನಿಗೆ ಫ್ಯಾಕ್ಸ್! ವಿಷಯ ವಕೀಲರ ತನಕ ಹೋಗಿ, ಆತ ವಾಪಸ್ ಬರಲೇ ಇಲ್ಲ. ಆದರೂ ಗ್ರೆಗ್‌ನನ್ನು ಕಳಿಸಿಕೊಡಲು ಬಂದ. ಕಾರಿನ ಕಿಟಕಿಯಲ್ಲಿ ಹ್ಯಾಟು ಮೀಸೆ ಕಂಡಷ್ಟೇ, ಕಾರು ಮುಂದೆ ಹೋಯಿತು. ನಮ್ಮ ಪಕ್ಕದಾಕೆ ಎದ್ದು ನಿಂತರು.

ಸುಲಭದ ಮನುಷ್ಯ ಅಂತ ನಾನು ಹೇಳಲ್ಲ. ಕುಡಿತ ಇತ್ತು, ಮೂಗಿನ ತುದಿಯಲ್ಲೇ ಕೋಪ. ಆ ಫ್ಯಾಕ್ಸ್‌ಗೂ ಕಾರಣ ಇಲ್ಲದೆ ಇರಲಿಲ್ಲ ಅಂತ ಇಲ್ಲಿಯ ಹಳಬರೇ ಹೇಳುತ್ತಾರೆ. ಹಾಗಂತ ನುಡಿಸಿದ್ದು ಕಮ್ಮಿಯಾಗುತ್ತಾ?

ಏನು ನೋಡಬೇಕು ಅಂದಿರಿ. ವೈನ್‌ವಿಲ್ ಅವೆನ್ಯೂನ "ಬಿಗ್ ಹೌಸ್" ಮೊದಲು. ಬ್ಯಾಂಡಿನವರು ಹೆಂಡತಿ ಮಕ್ಕಳ ಜೊತೆ ಒಟ್ಟಿಗೆ ಇದ್ದ ಮನೆ, ಈಗ ಮ್ಯೂಸಿಯಂ. ಆಮೇಲೆ ಫಾರ್ಸಿತ್ ಸ್ಟ್ರೀಟ್‌ನ ಎಚ್ ಅಂಡ್ ಎಚ್ ಹೋಟೆಲ್. ಕೈಯಲ್ಲಿ ಕಾಸಿಲ್ಲದ ಕಾಲದಲ್ಲಿ ಈ ಹುಡುಗರು ಎರಡು ಪ್ಲೇಟ್ ತಗೊಂಡು ಅಷ್ಟೂ ಜನ ಹಂಚಿಕೊಂಡು ತಿನ್ನುತ್ತಿದ್ದರಂತೆ. ಅಲ್ಲಿಯ ಮಾಮಾ ಲೂಯಿಸ್, ಅಂದರೆ ಲೂಯಿಸ್ ಅಮ್ಮ, ಅದನ್ನು ನೋಡಿ ಒಬ್ಬೊಬ್ಬರಿಗೂ ಒಂದೊಂದು ತಟ್ಟೆ ತಂದಿಟ್ಟರು. ಕರಿಯರ ಹೋಟೆಲು, ಉದ್ದ ಕೂದಲಿನ ಬಿಳಿ ಹುಡುಗರು, ಜೊತೆಗೆ ಡ್ರಮ್ಸ್‌ನ ಜೇಮೋ ಕರಿಯ. 1969ರ ಜಾರ್ಜಿಯಾದಲ್ಲಿ ಇವರೆಲ್ಲ ಒಂದೇ ಮೇಜಿಗೆ ಕೂತು ತಿನ್ನುವುದು ಸಣ್ಣ ವಿಷಯ ಅಲ್ಲ. ದುಡ್ಡು ಬಂದ ಮೇಲೆ ಆ ತಾಯಿಯನ್ನು ಟೂರ್‌ಗೂ ಕರೆದುಕೊಂಡು ಹೋದರು. ಆಕೆಯೂ 2022ರಲ್ಲಿ ಹೋದರು.

ರೋಸ್ ಹಿಲ್‌ನಲ್ಲಿ ಡ್ವೇನ್, ಬೆರಿ, ಗ್ರೆಗ್ ಸಮಾಧಿ ಎಲ್ಲರೂ ನೋಡುತ್ತಾರೆ. ನೀವು ಎಲಿಜಬೆತ್ ರೀಡ್ ಅನ್ನುವ ಹೆಸರಿನ ಕಲ್ಲನ್ನೂ ಹುಡುಕಿ. ಡಿಕಿ ಒಂದು ಧಾಟಿಯನ್ನು ಯಾರಿಗೋಸ್ಕರ ಕಟ್ಟಿದ್ದನೋ ಆ ಹೆಣ್ಣಿನ ಹೆಸರು ಹೊರಗೆ ಹೇಳುವ ಹಾಗಿರಲಿಲ್ಲ. ಈ ಸ್ಮಶಾನದಲ್ಲಿ ಕೂತು ಹಾಡು ಕಟ್ಟುವ ಅಭ್ಯಾಸ ಇತ್ತಲ್ಲ, ಎದುರಿಗೆ ಕಂಡ ಕಲ್ಲಿನ ಹೆಸರನ್ನೇ ಇಟ್ಟುಬಿಟ್ಟ. ಪಾಪ, 1935ರಲ್ಲಿ ಹೋದ ಮುದುಕಿ. ತನ್ನ ಹೆಸರು ಹೀಗೆ ಊರೂರು ಸುತ್ತುತ್ತೆ ಅಂತ ಕನಸಲ್ಲೂ ಎಣಿಸಿರಲಿಕ್ಕಿಲ್ಲ.

ಪಿಟೀಲು ಪದ್ದಿ:

ಮಾವ, ಚೆನ್ನಾಗಿ ಬರೆದಿರಿ. ನಾನು ಕರ್ನಾಟಕ ಸಂಗೀತ ಕಲಿತವಳು. ರಾಕ್ ಅಂದರೆ ಮೊದಲು ಮಾರು ದೂರ. ಬೆಟ್ಸ್ ಅವರಿಂದ ಒಳಗೆ ಬಂದೆ, ಅದಕ್ಕೆ ಕಾರಣ ಹೇಳುತ್ತೇನೆ.

ಡ್ವೇನ್ ನುಡಿಸುವುದು ಬ್ಲೂಸ್. ಬೆಟ್ಸ್ ಮನೆಯಲ್ಲಿ ಬ್ಲೂಗ್ರಾಸ್, ಕಂಟ್ರಿ, ವೆಸ್ಟರ್ನ್ ಸ್ವಿಂಗ್. ಐದನೇ ವಯಸ್ಸಿಗೇ ಕೈಗೆ ಉಕುಲೇಲೆ, ಆಮೇಲೆ ಮ್ಯಾಂಡೊಲಿನ್, ಬ್ಯಾಂಜೊ. ಹಾಗಾಗಿ ಅವರ ಕೈ ಸಹಜವಾಗಿ ಹೋಗುವುದು ಐದು ಸ್ವರಗಳ ಮೇಜರ್ ಪೆಂಟಟಾನಿಕ್‌ಗೆ. ನಮ್ಮ ಲೆಕ್ಕದಲ್ಲಿ ಮೋಹನ ರಾಗದ ಸ್ವರ. ಅದಕ್ಕೆ ಶುದ್ಧ ಮಧ್ಯಮವನ್ನೂ ಸೇರಿಸುತ್ತಾರೆ, ಆಗ ಸ್ವರಗಳು ಕಾಂಭೋಜಿಯ ಆರೋಹಣಕ್ಕೆ ಬಂದು ನಿಲ್ಲುತ್ತವೆ. ಗಮಕ ಇಲ್ಲ, ರಾಗ ಅಂತ ಖಂಡಿತ ಕರೆಯಲ್ಲ. ಆದರೆ "ಬ್ಲೂ ಸ್ಕೈ" ಹಾಕಿಕೊಂಡು ಕೇಳಿ, ಆ ಬೆಳಕು ಎಲ್ಲಿಂದ ಬರುತ್ತೆ ಅಂತ ಕಿವಿಗೆ ಗೊತ್ತಾಗುತ್ತದೆ. ಅದು 1972ರ "ಈಟ್ ಎ ಪೀಚ್"ನಲ್ಲಿದೆ. ಮೊದಲು ಡ್ವೇನ್ ಸೋಲೊ, ನಡುವೆ ಇಬ್ಬರೂ ಒಟ್ಟಿಗೆ, ಆಮೇಲೆ ಬೆಟ್ಸ್. ಯಾರು ಯಾವಾಗ ಕೈ ಬದಲಾಯಿಸಿದರು ಅಂತ ಹಿಡಿಯುವುದೇ ಒಂದು ಆಟ.

ಮಾವ ಹೇಳಿದ ಎಲಿಜಬೆತ್ ರೀಡ್ ಧಾಟಿಯನ್ನು ನ್ಯೂಯಾರ್ಕಿನ ಫಿಲ್‌ಮೋರ್ ಈಸ್ಟ್ ಸಭಾಂಗಣದ 1971ರ ಲೈವ್ ರೆಕಾರ್ಡಿಂಗ್‌ನಲ್ಲಿ ಕೇಳಿ. ಹದಿಮೂರು ನಿಮಿಷ. ಶುರುವಿನಲ್ಲಿ ತಂತಿ ಮೀಟಿದ ಸದ್ದೇ ಕೇಳಲ್ಲ. ಗಿಟಾರಿನ ವಾಲ್ಯೂಮ್ ಗುಂಡಿಯನ್ನು ಸೊನ್ನೆಯಲ್ಲಿಟ್ಟು ಮೀಟಿ, ಮೆಲ್ಲಗೆ ಏರಿಸುತ್ತಾರೆ. ಬಿಲ್ಲು ಎಳೆದ ಹಾಗೇ ನಾದ ತುಂಬಿಕೊಂಡು ಬರುತ್ತದೆ. ಪಿಟೀಲಿನವಳು ಬಿದ್ದದ್ದು ಅಲ್ಲೇ. ಸ್ವರ ಬಹುಪಾಲು ಖರಹರಪ್ರಿಯ ರಾಗದ್ದು.

ಜಾಕ್ಸನ್‌ವಿಲ್ ಜಂಗಮ:

ಮಾವ ಎಲ್ಲವನ್ನೂ ಮೇಕನ್ ಖಾತೆಗೆ ಬರೆದುಕೊಂಡರು! ಬ್ಯಾಂಡ್ ಹುಟ್ಟಿದ್ದು ನಮ್ಮೂರಲ್ಲಿ ಸ್ವಾಮಿ. 1969ರ ಮಾರ್ಚ್‌ನಲ್ಲಿ, ರಿವರ್‌ಸೈಡ್ ಬಡಾವಣೆಯ ಒಂದು ಬಾಡಿಗೆ ಮನೆಯಲ್ಲಿ ಎಲ್ಲ ಸೇರಿ ನುಡಿಸಿದ ಜ್ಯಾಮ್‌ನಲ್ಲಿ. ಡಿಕಿ ಮತ್ತು ಬೆರಿ ಆಗಲೇ ಇಲ್ಲಿ "ಸೆಕೆಂಡ್ ಕಮಿಂಗ್" ಅಂತ ಬ್ಯಾಂಡ್ ಇಟ್ಟುಕೊಂಡಿದ್ದರು. ಡ್ವೇನ್ ಆಮೇಲೆ ಬಂದು ಸೇರಿಕೊಂಡ. ವಿಲೋ ಬ್ರಾಂಚ್ ಪಾರ್ಕಿನಲ್ಲಿ ಪುಕ್ಕಟೆ ನುಡಿಸುತ್ತಿದ್ದರು. ಪಾರ್ಕು ಈಗಲೂ ಇದೆ, ನಾಯಿ ಕರೆದುಕೊಂಡು ನಾನು ಹೋಗುವುದೂ ಅಲ್ಲಿಗೇ. ಅಲ್ಲಿ ಅಡ್ಡಾಡುವ ಹುಡುಗರನ್ನು ಕೇಳಿದರೆ ನಮ್ಮೂರಿನದೇ ಇನ್ನೊಂದು ಬ್ಯಾಂಡ್ ಲಿನರ್ಡ್ ಸ್ಕಿನರ್ಡ್ ಹೆಸರು ಥಟ್ಟನೆ ಬರುತ್ತೆ, ಡಿಕಿ ಯಾರು ಅಂತ ಗೊತ್ತಿಲ್ಲ. ಹೊಟ್ಟೆ ಉರಿಯುತ್ತೆ.

ಸಾರಸೋಟಾ ಹೊಸಬ:

ಅಬ್ಬಾ, ಇಷ್ಟೆಲ್ಲ ಸಿಗುತ್ತೆ ಅಂದುಕೊಂಡಿರಲಿಲ್ಲ. ಪದ್ದಿ ಮೇಡಂ, "ಬ್ಲೂ ಸ್ಕೈ" ಈಗ ತಾನೇ ಕೇಳಿದೆ. ಕೈ ಬದಲಾಗುವ ಜಾಗ ಇನ್ನೂ ಸಿಕ್ಕಿಲ್ಲ. ಮಾವ, ಒಂದು ಪ್ರಶ್ನೆ: ಈಗ ಮೂಲ ಬ್ಯಾಂಡಿನಲ್ಲಿ ಯಾರಾದರೂ ಉಳಿದಿದ್ದಾರಾ? ಡಿಕಿ ನುಡಿಸಿದ್ದನ್ನು ಮುಂದುವರಿಸುವವರು?

ಮೇಕನ್ ಮಾವ:

ಜಂಗಮರೇ, ಹೆತ್ತವರು ನೀವೇ ಇರಬಹುದು, ಅನ್ನ ಹಾಕಿದ್ದು ನಾವು. ಅಲ್ಲಿಗೆ ಲೆಕ್ಕ ಚುಕ್ತಾ.

ಹೊಸಬರೇ, ಆರು ಜನರಲ್ಲಿ ಈಗ ಉಳಿದಿರುವುದು ಜೇಮೋ ಒಬ್ಬರೇ. ಡಿಕಿಯ ಮಗ ಗಿಟಾರ್ ನುಡಿಸುತ್ತಾನೆ, ಹೆಸರು ಡ್ವೇನ್ ಬೆಟ್ಸ್. ಜೊತೆಗಾರನ ಹೆಸರನ್ನೇ ಮಗನಿಗೆ ಇಟ್ಟಿದ್ದಾನೆ ನೋಡಿ. ಅಪ್ಪನ ಆ ಸಿಹಿ ಧಾಟಿ ಅವನ ಕೈಯಲ್ಲೂ ಇದೆ. ಗ್ರೆಗ್‌ನ ಮಗ ಡೆವನ್, ಬೆರಿಯ ಮಗ ಬೆರಿ ಡ್ವೇನ್ ಓಕ್ಲಿ ಜೊತೆ ಸೇರಿ "ಆಲ್ಮನ್ ಬೆಟ್ಸ್ ಬ್ಯಾಂಡ್" ಅಂತ ಮಾಡಿಕೊಂಡಿದ್ದ. ಆ ಬ್ಯಾಂಡಿನ ಮೊದಲ ಆಲ್ಬಮ್ 2019ರದ್ದು, ಸಿಕ್ಕರೆ ಕೇಳಿ.

ಬರುವ ಮುಂಚೆ ಬಿಗ್ ಹೌಸ್ ಯಾವ ದಿನ ತೆರೆದಿರುತ್ತೆ ಅಂತ ನೋಡಿಕೊಳ್ಳಿ, ವಾರವಿಡೀ ಇರಲ್ಲ. ರೋಸ್ ಹಿಲ್ ಬರೀ ಏರು ತಗ್ಗು, ಮಧ್ಯಾಹ್ನ ಬಿಸಿಲಿಗೆ ಹೋಗಬೇಡಿ, ಒಳ್ಳೇ ಶೂ ಹಾಕಿಕೊಳ್ಳಿ. ಎಲಿಜಬೆತ್ ಕಲ್ಲು ಸಿಗದಿದ್ದರೆ ಇಲ್ಲೇ ಒಂದು ಸಾಲು ಬರೆಯಿರಿ, ನಾನೇ ಬಂದು ತೋರಿಸುತ್ತೇನೆ.