ಸಹಾಯ ಬೇಕು: ಕೊಬ್ಬು ಕರಗಿಸುವ ಮಾತ್ರೆ ತಗೊಳ್ಳಲೋ ಬೇಡವೋ?

ಎಲ್ಲರಿಗೂ ನಮಸ್ಕಾರ, ನಾನು ದಾವಣಗೆರೆಯವನು. ಜಿಮ್‌ನಲ್ಲಿ ಪರಿಚಯದವರೊಬ್ಬರು ಡಬ್ಬಿ ಕೊಟ್ಟು, "ತಿಂಗಳಿಗೆ ನಾಲ್ಕು ಕೆಜಿ ಗ್ಯಾರಂಟಿ ಅಣ್ಣ" ಅಂದರು. 1,800 ರೂಪಾಯಿ ಹೋಯ್ತು. ಸೀಲ್ ಇನ್ನೂ ಒಡೆದಿಲ್ಲ.

ಲೇಬಲ್ ಮೇಲೆ ಗಾರ್ಸಿನಿಯಾ, ಗ್ರೀನ್ ಟೀ ಸಾರ, ಕೆಫೀನ್ ಅಂತಿದೆ. ಈ ಗಾರ್ಸಿನಿಯಾ ನಮ್ಮ ಮಲೆನಾಡಿನ ಹುಳಿ ಹಣ್ಣು ಉಪ್ಪಾಗೆಯೇ! 1998ರಲ್ಲಿ ಅಮೆರಿಕದಲ್ಲಿ 135 ಜನರ ಮೇಲೆ 12 ವಾರ ಇದನ್ನು ಪರೀಕ್ಷಿಸಿದ್ದರು. ಕೆಲವರಿಗೆ ಇದು, ಉಳಿದವರಿಗೆ ಸುಮ್ನೆ ಹುಸಿ ಮಾತ್ರೆ. ಎಲ್ಲರಿಗೂ ಊಟದ ಪಥ್ಯ ಇತ್ತು. ಎರಡೂ ಗುಂಪಿನವರು ತೂಕ ಇಳಿದರು, ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ.

ಆದರೆ ನನ್ನ ಗೆಳೆಯ ಇದೇ ಮಾತ್ರೆ ತಗೊಂಡು ಆರು ಕೆಜಿ ಇಳಿದಿದ್ದಾನೆ. ಕೆದಕಿ ಕೇಳಿದರೆ, ಅದೇ ತಿಂಗಳು ಬೆಣ್ಣೆ ದೋಸೆ, ಸಂಜೆಯ ಮಂಡಕ್ಕಿ-ಮೆಣಸಿನಕಾಯಿ ಎರಡನ್ನೂ ಬಿಟ್ಟಿದ್ದ. ದಿನಾ ಬೆಳಿಗ್ಗೆ ಕುಂದವಾಡ ಕೆರೆ ಹತ್ತಿರ ವಾಕಿಂಗ್ ಬೇರೆ! ಇಳಿಸಿದ್ದು ಯಾವುದು ಅಂತ ಹೇಳೋದು? ಇಳಿಯದವರು ಹೇಗೂ ಬಾಯಿ ಬಿಡಲ್ಲ, ಅಲ್ವಾ?

ತಗೊಂಡವರು ದಯವಿಟ್ಟು ತಿಳಿಸಿ: ಜೊತೆಗೆ ಊಟದಲ್ಲಿ ಏನು ಬದಲಾಯಿಸಿದಿರಿ? ಬಿಟ್ಟ ಮೇಲೆ ತೂಕ ಏನಾಯ್ತು? ಗ್ರೀನ್ ಟೀ ಸಾರ ಜಾಸ್ತಿಯಾದರೆ ಕೆಲವರ ಲಿವರ್‌ಗೆ ಪೆಟ್ಟು ಬೀಳುತ್ತದೆ. ಮೇಲಾಗಿ ನನಗೆ ಬಿಪಿ ಇದೆ, ಕೆಫೀನ್ ಅಂದರೆ ಭಯ. ಗುಂಪಿನಲ್ಲಿ ಡಾಕ್ಟರ್ ಯಾರಾದರೂ ಇದ್ದರೆ ಲೇಬಲ್ ಫೋಟೋ ಕಳಿಸುತ್ತೇನೆ, ಒಮ್ಮೆ ನೋಡಿ ಹೇಳಿ.